ಎರಡು ಮರಿ, ಒಂದು ಗುರುಗುರು

ಲೋಕವನ್ನು ಆಗಷ್ಟೇ ಒಲೆಯಿಂದ ಇಳಿಸಿದ ಹಾಗೆ ಎಲ್ಲವೂ ಇನ್ನೂ ಬೆಚ್ಚಗಿದ್ದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ನೋಡುತ್ತಿದ್ದವು. ಹೊಳೆಗೆ ಮಾತು ಬರುತ್ತಿತ್ತು. ಗಾಳಿಗೂ ಬರುತ್ತಿತ್ತು, ಆದರೆ ನಿಲ್ಲಿಸುವುದು ಗೊತ್ತಿರಲಿಲ್ಲ.

ಪ್ರಾಣಿಗಳಿಗೆಲ್ಲ ಅವುಗಳ ಸದ್ದನ್ನು ಹಂಚಿಯಾಗಿತ್ತು. ಹಸುವಿಗೆ ಅಂಬಾ, ನಾಯಿಗೆ ಬೌ, ಕಾಗೆಗೆ ಕಾ. ಬೆಕ್ಕಿಗೆ ಮ್ಯಾವ್ ಸಿಕ್ಕಿತು. ಹಸಿವಾದರೂ ಮ್ಯಾವ್, ಚಳಿಯಾದರೂ ಮ್ಯಾವ್, ಬಾಗಿಲು ತೆಗೆಯದಿದ್ದರೂ ಮ್ಯಾವ್. ಆದರೆ ಹೊಟ್ಟೆ ತುಂಬಿ, ಮೈ ಬೆಚ್ಚಗಾಗಿ, ಇನ್ನೇನೂ ಬೇಡ ಅನ್ನಿಸಿದಾಗ ಹೇಳಿಕೊಳ್ಳಲು ಅದರ ಹತ್ತಿರ ಯಾವ ಸದ್ದೂ ಇರಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿ ಕೂರುತ್ತಿತ್ತು. ನೋಡಿದವರು, ಇದಕ್ಕೆಷ್ಟು ಜಂಬ ಅಂದುಕೊಳ್ಳುತ್ತಿದ್ದರು.

ಹೊಳೆಯ ಈ ದಡದಲ್ಲಿ ಹೊಂಬಾಳವ್ವ ಎಂಬವಳು ಇದ್ದಳು. ಅವಳಿಗೆ ನಾಲ್ಕಾರು ಹಸು, ಒಂದು ಮನೆ, ಸ್ವಲ್ಪ ಮುಂಗೋಪ. ಆಚೆ ದಡದಲ್ಲಿ ಅವಳ ತಂಗಿ ಚೆಲುವಿ ಇದ್ದಳು. ಮದುವೆಗೆ ಮೊದಲು ಅಕ್ಕತಂಗಿ ಎದುರುಬದುರು ಕೂತು, ಕಡಗೋಲಿನ ಹಗ್ಗದ ಒಂದೊಂದು ತುದಿ ಹಿಡಿದು ಮಜ್ಜಿಗೆ ಕಡೆಯುತ್ತಿದ್ದರು. ಒಬ್ಬಳು ಎಳೆದರೆ ಇನ್ನೊಬ್ಬಳು ಬಿಡಬೇಕು, ಇವಳು ಬಿಟ್ಟರೆ ಅವಳು ಎಳೆಯಬೇಕು. ಚೆಲುವಿ ಆಚೆ ದಡಕ್ಕೆ ಸೊಸೆಯಾಗಿ ಹೋದ ಮೇಲೆ ಹೊಂಬಾಳವ್ವ ಎರಡೂ ತುದಿಗಳನ್ನು ತಾನೇ ಹಿಡಿದಳು. ಬಲಗೈಯಲ್ಲೊಮ್ಮೆ, ಎಡಗೈಯಲ್ಲೊಮ್ಮೆ. ಬೆಣ್ಣೆಯೇನೋ ಬರುತ್ತಿತ್ತು.

ಒಂದು ಚಳಿಯ ಬೆಳಗ್ಗೆ ಕೊಟ್ಟಿಗೆಯ ಹುಲ್ಲಿನೊಳಗೆ ಎರಡು ಬೆಕ್ಕಿನ ಮರಿಗಳು ಸಿಕ್ಕವು. ತಾಯಿ ಎಲ್ಲಿ ಹೋಯಿತೋ ಗಾಳಿಗೂ ತಿಳಿದಿರಲಿಲ್ಲ. ಗಾಳಿಗೇ ತಿಳಿಯದ್ದೆಂದರೆ ಯಾರಿಗೂ ತಿಳಿಯದ್ದು. ಒಂದು ಮರಿ ಬೂದು ಬಣ್ಣದ್ದು. ಇನ್ನೊಂದು ಬಿಳಿ, ಮೈ ಮೇಲೆ ಅಲ್ಲಲ್ಲಿ ಕಪ್ಪು. ಹೊಂಬಾಳವ್ವ ಒಂದನ್ನು ಬೂದಿ ಅಂದಳು, ಇನ್ನೊಂದನ್ನು ಚುಕ್ಕಿ ಅಂದಳು. ಎರಡನ್ನೂ ಸೆರಗಿನಲ್ಲಿ ಹಾಕಿಕೊಂಡು ಒಳಗೆ ತಂದು, ಒಲೆಯ ಪಕ್ಕ ಮೊಸರಿನ ಗಡಿಗೆಯ ಹತ್ತಿರ ಬಿಟ್ಟಳು.

ಬೂದಿ ಗಡಿಗೆಯ ಬಲಕ್ಕೆ ಮಲಗಿತು. ಚುಕ್ಕಿ ಎಡಕ್ಕೆ ಮಲಗಿತು. ಹೊಂಬಾಳವ್ವ ದಿನಾ ಬೆಳಗ್ಗೆ ಕಡೆಯಲು ಕೂರುತ್ತಿದ್ದಳು. ಬಲಗೈ ಎಳೆದಾಗ ಗಡಿಗೆಯೊಳಗೆ ಗುರ್ರ್ ಅನ್ನುತ್ತಿತ್ತು, ಬೂದಿ ಉಸಿರೆಳೆದುಕೊಳ್ಳುತ್ತಿತ್ತು. ಎಡಗೈ ಎಳೆದಾಗ ಗುರ್ರ್ ಅನ್ನುತ್ತಿತ್ತು, ಚುಕ್ಕಿ ಉಸಿರು ಬಿಡುತ್ತಿತ್ತು. ದಿನಾ ಕೇಳಿ ಕೇಳಿ ಆ ಸದ್ದು ಮರಿಗಳ ಗಂಟಲೊಳಗೆ ಇಳಿಯಿತು.

ಒಂದು ದಿನ ಕಡೆದು ಮುಗಿಸಿ, ಬೆಣ್ಣೆ ತೆಗೆದು, ಕೈ ತೊಳೆದುಕೊಂಡು ಬಂದರೂ ಮನೆಯಲ್ಲಿ ಗುರುಗುರು ಕೇಳುತ್ತಲೇ ಇತ್ತು. ಹೊಂಬಾಳವ್ವ ಗಡಿಗೆಯೊಳಗೆ ಬಗ್ಗಿ ನೋಡಿದಳು. ಗಡಿಗೆ ಖಾಲಿ. ಆಮೇಲೆ ಕೆಳಗೆ ನೋಡಿದಳು. ಎರಡು ಮರಿಗಳೂ ಯಾವುದರ ಕಾಲು ಯಾವುದು ಅಂತ ತಿಳಿಯದ ಹಾಗೆ ಹೆಣೆದುಕೊಂಡು ಮಲಗಿದ್ದವು. ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಡುತ್ತಿದ್ದವು. ಎಳೆಯುವಾಗ ಬೂದಿಯ ಸದ್ದು. ಬಿಡುವಾಗ ಚುಕ್ಕಿಯ ಸದ್ದು. ನಡುವೆ ಒಂದಿಷ್ಟೂ ಬಿಡುವಿಲ್ಲ.

"ಕಳ್ಳಮುಂಡೇವ, ನನ್ನ ಮಜ್ಜಿಗೆ ಸದ್ದನ್ನೇ ಕದ್ದುಬಿಟ್ರಾ," ಅಂದಳು ಹೊಂಬಾಳವ್ವ. ಅವಳಿಗೆ ಬಹಳ ಖುಷಿಯಾಗಿತ್ತು. ಖುಷಿಯಾದಾಗ ಬೈಯುವುದು ಅವಳ ಅಭ್ಯಾಸ.

ಮರಿಗಳು ಬೆಳೆದವು. ಇಲಿ ಹಿಡಿಯುವುದನ್ನು ಕಲಿತವು. ನೆಲುವಿನಲ್ಲಿ ತೂಗುಹಾಕಿದ ಬೆಣ್ಣೆಗೆ ಹಾರುವುದನ್ನು ಅದಕ್ಕಿಂತ ಮೊದಲೇ ಕಲಿತಿದ್ದವು.

ಹೀಗಿರುವಾಗ ಚೆಲುವಿ ಹರಿಗೋಲಿನಲ್ಲಿ ಹೊಳೆ ದಾಟಿ ಬಂದಳು. ಮುಖ ಬಾಡಿತ್ತು. ಕೂತ ತಕ್ಷಣ ಹೇಳಿದಳು, "ಅಕ್ಕ, ನಮ್ಮನೆ ವಾಡೇಲಿ ಇಲಿ ಸೇರ್ಕೊಂಡವೆ. ಉಣ್ಣೋ ರಾಗಿ ತಿಂದಾಯ್ತು. ಈಗ ಬಿತ್ತನೆ ರಾಗಿಗೆ ಬಾಯಿ ಹಾಕವೆ. ಮಳೆ ಬರೋ ಹೊತ್ಗೆ ಒಂದು ಹಿಡಿ ಉಳಿಯಲ್ಲ. ಒಂದು ಮರಿ ಕೊಡಕ್ಕ."

ವಾಡೆ ಅಂದರೆ ಆಳೆತ್ತರದ ಮಣ್ಣಿನ ಕಣಜ. ಅದರಲ್ಲಿದ್ದ ರಾಗಿ ಹೋದರೆ ಬಿತ್ತನೆಯಿಲ್ಲ, ಬಿತ್ತನೆ ಇಲ್ಲದಿದ್ದರೆ ಚೆಲುವಿಯ ಮಕ್ಕಳಿಗೆ ಹಿಟ್ಟಿಲ್ಲ. ಇದನ್ನು ಹೊಂಬಾಳವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಸೀಮೆಯಲ್ಲಿ ಸಾಕಿದ ಬೇರೆ ಬೆಕ್ಕೂ ಇರಲಿಲ್ಲ.

ಅವಳು ಹೊಳೆಯ ಹತ್ತಿರ ಹೋಗಿ ಕೇಳಿದಳು. "ಏನ್ ಮಾಡ್ಲಿ ಹೊಳೆಯಮ್ಮ?"

ಹೊಳೆ ನಿಧಾನವಾಗಿ ಹೇಳಿತು, "ನಂಗೂ ಎರಡು ದಡ ಕಣವ್ವ. ಆ ಕಡೆಗೊಂದು, ಈ ಕಡೆಗೊಂದು. ನಾನೇನು ಅಳ್ತಾ ಕೂತಿದ್ದೀನಾ? ಹಂಚ್ಕೊಳ್ಳಿ."

ಗಾಳಿ ನಡುವೆ ಬಾಯಿ ಹಾಕಿತು. "ದಡ ಬೇರೆ, ಮರಿ ಬೇರೆ. ನಿನ್ನ ದಡಗಳು ಯಾವತ್ತಾದ್ರೂ ತಬ್ಬಿಕೊಂಡು ಮಲಗಿದ್ವಾ?"

"ನೀನು ಒಂದು ಕಡೆ ನಿಂತು ಮಾತಾಡು ಮೊದ್ಲು," ಅಂತ ಹೊಳೆ ರೇಗಿತು. ಅವೆರಡರ ಜಗಳ ಸಂಜೆಯವರೆಗೂ ನಡೆಯಿತು. ಹೊಂಬಾಳವ್ವನಿಗೆ ಅದರಿಂದ ಪ್ರಯೋಜನವೇನೂ ಆಗಲಿಲ್ಲ.

ಮನೆಗೆ ಬಂದು ಅವಳು ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಚೆಲುವಿ ಹೋದ ಮೇಲೆ ನಾನು ಒಬ್ಬಳೇ ಎರಡೂ ತುದಿ ಎಳೆಯಲು ಕಲಿಯಲಿಲ್ಲವೇ, ಇವೂ ಕಲಿಯುತ್ತವೆ ಅಂದುಕೊಂಡಳು. ಹಾಗೆ ಅಂದುಕೊಂಡು ಚುಕ್ಕಿಯನ್ನು ಎತ್ತಿ, ಮಂಕರಿಯಲ್ಲಿ ಹುಲ್ಲು ಹಾಸಿ ಕೂರಿಸಿ, ತಂಗಿಯ ಕೈಗೆ ಕೊಟ್ಟಳು.

"ಎರಡ್ ದಿನ ಕೂಗ್ತದೆ, ಆಮೇಲೆ ಮರೀತದೆ ಬುಡು," ಅಂದಳು.

ಹರಿಗೋಲು ಆಚೆ ದಡ ಮುಟ್ಟುವವರೆಗೂ ಚುಕ್ಕಿಯ ಮ್ಯಾವ್ ಕೇಳುತ್ತಿತ್ತು. ಬೂದಿ ಹೊಸಿಲ ಮೇಲೆ ಕೂತು ಕೇಳಿಸಿಕೊಂಡಿತು.

ಎರಡು ದಿನ ಹೋಯಿತು, ನಾಲ್ಕು ದಿನ ಹೋಯಿತು, ಬೂದಿ ಮರೆಯಲಿಲ್ಲ. ಹಾಲಿಟ್ಟರೆ ಹಾಲಿನ ಮುಂದೆ ಕೂತಿತು, ಕುಡಿಯಲಿಲ್ಲ. ಬೆಣ್ಣೆಯಿಟ್ಟರೆ ಬೆಣ್ಣೆಯ ಮುಂದೆ ಕೂತಿತು, ನೆಕ್ಕಲಿಲ್ಲ. ಇಲಿಗಳಿಗೆ ಮೊದಮೊದಲು ಅನುಮಾನ. ಒಂದು ಮುದಿ ಇಲಿ ಬಂದು ಬೂದಿಯ ಮೂಗಿನ ಮುಂದೆಯೇ ನಿಂತು, "ಇದ್ಯಾಕೆ ಹಿಂಗ್ ಕೂತದೆ? ಹಿಡಿಯೋದಾದ್ರೆ ಹಿಡಿ, ನಂಗೆ ಬೇರೆ ಕೆಲ್ಸ ಐತೆ," ಅಂತ ಕೇಳಿತು. ಬೂದಿ ಮುಖ ತಿರುಗಿಸಿತು. ಇಲಿಗೆ ಅವಮಾನವಾದ ಹಾಗಾಗಿ, ಹೋಗಿ ನೆಲುವಿನ ಹಗ್ಗ ಕಡಿಯಿತು.

ಗಾಳಿ ಆಚೆ ದಡದಿಂದ ಸುದ್ದಿ ತಂದಿತು. "ಅಲ್ಲೂ ಇದೇ ಕಥೆ. ಚುಕ್ಕಿ ವಾಡೆ ಪಕ್ಕ ಬಿದ್ಕೊಂಡೈತೆ. ಇಲಿಗಳು ಅದರ ಬಾಲದ ಮ್ಯಾಲೆ ಓಡಾಡ್ತವೆ. ರಾಗಿ ಮೊಣಕಾಲ ಮಟ್ಟಕ್ಕೆ ಇಳಿದೈತೆ. ನಾನು ಅವತ್ತೇ ಹೇಳಿದ್ದೆ."

"ಹೇಳಿದ್ದೆ, ಹೇಳಿದ್ದೆ. ಈಗ ಹೋಗು," ಅಂದಳು ಹೊಂಬಾಳವ್ವ.

ಮಾರನೆಯ ಬೆಳಗ್ಗೆ ಅವಳು ಕಡೆಯಲು ಕೂತಿದ್ದಳು. ಬೂದಿ ಗಡಿಗೆಯ ಬಲಕ್ಕೆ ಬಂದು ಮಲಗಿತು. ಉಸಿರೆಳೆದುಕೊಳ್ಳುವಾಗ ಗುರ್ರ್ ಅಂದಿತು. ಆಮೇಲೆ ಸುಮ್ಮನಾಯಿತು. ಮತ್ತೆ ಎಳೆದುಕೊಳ್ಳುವಾಗ ಗುರ್ರ್. ಮತ್ತೆ ಸುಮ್ಮನೆ. ಪ್ರತಿ ಸಲ ಸುಮ್ಮನಾದಾಗಲೂ ಅದರ ಕಿವಿ ಗಡಿಗೆಯ ಎಡಕ್ಕೆ ತಿರುಗುತ್ತಿತ್ತು, ಅಲ್ಲಿಂದ ಇನ್ನರ್ಧ ಬರಲಿ ಎಂದು ಕಾಯುತ್ತಿತ್ತು.

ಹೊಂಬಾಳವ್ವನ ಕೈ ನಿಂತಿತು. ಹಗ್ಗ ಮಡಿಲಿಗೆ ಬಿತ್ತು.

ಎರಡೂ ತುದಿ ಎಳೆಯುವುದನ್ನು ತಾನು ಕಲಿತದ್ದು ನಿಜ. ಆದರೆ ಆಗ ಅವಳು ಬೆಳೆದ ಹೆಂಗಸು. ಅಷ್ಟಾದರೂ ಆ ಮೊದಲ ವರ್ಷವೆಲ್ಲ ಎದುರಿನ ಖಾಲಿ ಮಣೆ ನೋಡಿ ಎಷ್ಟು ಸಲ ಕಡೆಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಈ ಪುಟ್ಟ ಜೀವಕ್ಕೆ ಕಲಿತುಕೋ ಅಂತ ಬಿಟ್ಟೆನಲ್ಲ ಎಂದು ಅವಳಿಗೆ ದುಃಖವಾಯಿತು. ನಾಚಿಕೆಯೂ ಆಯಿತು.

ಮರಿಗಳು ಒಟ್ಟಿಗಿರಬೇಕು, ಅದು ಖಂಡಿತವಾಯಿತು. ಆದರೆ ಎಲ್ಲಿ?

"ಚುಕ್ಕಿಯನ್ನ ಕರ್ಕೊಂಡು ಬಾ. ನಿನ್ನ ಮನೆ, ನಿನ್ನ ಮರಿ," ಅಂದಿತು ಗಾಳಿ.

ಹೊಳೆ ಈ ಸಲ ಹಂಚ್ಕೊಳ್ಳಿ ಅನ್ನಲಿಲ್ಲ. ದಡಗಳ ವಿಷಯದಲ್ಲಿ ತಾನು ಆಡಿದ ಮಾತು ಅದಕ್ಕೇ ಸರಿಕಾಣದೆ ಹೋಗಿತ್ತು.

ಹೊಂಬಾಳವ್ವ ಯೋಚಿಸಿದಳು. ಎರಡನ್ನೂ ಇಲ್ಲಿಟ್ಟುಕೊಂಡರೆ ಚೆಲುವಿಯ ವಾಡೆ ಬರಿದಾಗುತ್ತದೆ. ಎರಡನ್ನೂ ಅಲ್ಲಿಗೆ ಕೊಟ್ಟರೆ ತನ್ನ ಒಲೆಯ ಪಕ್ಕ ಬರಿದಾಗುತ್ತದೆ. ಬಹಳ ಹೊತ್ತು ಬೂದಿಯ ಬೆನ್ನು ಸವರುತ್ತ ಕೂತಳು. ಆಮೇಲೆ ಎದ್ದು ಮಂಕರಿ ತಂದು ಹುಲ್ಲು ಹಾಸಿದಳು.

"ನನ್ನ ಬೆಣ್ಣೆ ಇಲಿ ತಿಂದ್ರೆ ತಿನ್ಲಿ. ನಡಿ," ಅಂದಳು.

ಹೊಳೆ ಅವತ್ತು ತೀರ ತೆಳ್ಳಗೆ ಹರಿಯಿತು, ಹರಿಗೋಲು ಅಲುಗಾಡದ ಹಾಗೆ. ಗಾಳಿ ಹಿಂದಿನಿಂದ ಮೆತ್ತಗೆ ತಳ್ಳಿತು. ಬಾಯಿ ಮಾತ್ರ ಮುಚ್ಚಿರಲಿಲ್ಲ.

ಚೆಲುವಿಯ ಮನೆಯಲ್ಲಿ ಮಂಕರಿ ಇಳಿಸಿದ ಕೂಡಲೇ ಬೂದಿ ನೆಗೆದು ಹೊರಬಂತು. ವಾಡೆಯ ಪಕ್ಕ ಬಿದ್ದಿದ್ದ ಚುಕ್ಕಿ ತಲೆಯೆತ್ತಿತು. ಎರಡೂ ಓಡಲಿಲ್ಲ, ಕೂಗಲಿಲ್ಲ. ಬೂದಿ ನಡೆದುಹೋಗಿ ಚುಕ್ಕಿಯ ಕಿವಿ ನೆಕ್ಕಿತು. ಚುಕ್ಕಿ, ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಅನ್ನುವಂತೆ ಅದರ ತಲೆಗೊಂದು ಏಟು ಕೊಟ್ಟಿತು. ಆಮೇಲೆ ಎರಡೂ ಹೆಣೆದುಕೊಂಡು ಮಲಗಿದವು. ಉಸಿರೆಳೆದರೆ ಬೂದಿ, ಬಿಟ್ಟರೆ ಚುಕ್ಕಿ. ಮನೆ ತುಂಬ ಗುರುಗುರು ಕೇಳಿತು.

ಇಲಿಗಳಿಗೂ ಕೇಳಿತು. ಮರಿಗಳು ಒಂದು ನಿದ್ದೆ ಮುಗಿಸಿ, ಒಂದು ಬಟ್ಟಲು ಹಾಲು ಮುಗಿಸಿ ಎದ್ದವು. ಅಷ್ಟರೊಳಗೆ ಜಾಣ ಇಲಿಗಳು ಊರು ಬಿಟ್ಟಿದ್ದವು. ಉಳಿದವಕ್ಕೆ ಆ ಜಾಣತನ ಇರಲಿಲ್ಲ, ಸಿಕ್ಕಿಬಿದ್ದವು. ರಾಗಿ ಬಿತ್ತನೆಗೆ ಸಾಕಾಗುವಷ್ಟಾದರೂ ಉಳಿಯಿತು.

"ನಿಂಗೆ ಯಾವ್ದೂ ಇಲ್ದಂಗಾಯ್ತಲ್ಲಕ್ಕ," ಅಂದಳು ಚೆಲುವಿ.

"ನಂಗ್ಯಾಕೆ? ಬೆಣ್ಣೆ ಕಾಯಕ್ಕೆ ನಾನಿಲ್ವಾ?" ಅಂದಳು ಹೊಂಬಾಳವ್ವ. ಹಾಗಂದು ಮುಖ ಆಚೆ ತಿರುಗಿಸಿದಳು. ಚೆಲುವಿ ಅಕ್ಕನ ಕೈ ಹಿಡಿದುಕೊಂಡಳು.

ಮನೆಗೆ ಬಂದ ಹೊಂಬಾಳವ್ವ ನೆಲುವಿನ ಹಗ್ಗಕ್ಕೆ ಮುಳ್ಳು ಸುತ್ತಿದಳು. ಇಲಿಗಳು ಮುಳ್ಳಿನ ನಡುವೆ ದಾರಿ ಮಾಡಿಕೊಂಡವು. ಅವಳು ಬೈದಳು. ದಿನಗಳು ಹೋದವು. ಆಚೆ ದಡದಲ್ಲಿ ಎರಡು ಜೀವ ಒಂದನ್ನೊಂದು ತಬ್ಬಿಕೊಂಡು ಮಲಗಿವೆಯೆಂದು ನೆನೆದಾಗೆಲ್ಲ ಅವಳಿಗೆ ಸಮಾಧಾನವಾಗುತ್ತಿತ್ತು. ಒಲೆಯ ಪಕ್ಕ ನೋಡಿದಾಗ ಮಾತ್ರ ಆ ಸಮಾಧಾನ ಸ್ವಲ್ಪ ಕಡಿಮೆಯಾಗುತ್ತಿತ್ತು.

ಮಳೆ ಬಂತು, ಬಿತ್ತನೆಯಾಯಿತು, ರಾಗಿ ತೆನೆಗೆ ಬಂತು. ಸುಗ್ಗಿ ಮುಗಿದ ಮೇಲೆ ಚೆಲುವಿ ಮತ್ತೆ ಹೊಳೆ ದಾಟಿ ಬಂದಳು. ಮಡಿಲಲ್ಲಿ ಏನೋ ಅಲುಗಾಡುತ್ತಿತ್ತು.

"ಚುಕ್ಕಿ ಮರಿ ಹಾಕ್ತು ಅಕ್ಕ. ಒಂದು ನಿಂಗೆ," ಅಂದಳು.

ಹೊಂಬಾಳವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ ಕಣೇ. ತಗೊಂಡು ಹೋಗು. ಇನ್ನೊಂದು ಜೀವಾನ ಅರ್ಧ ಮಾಡಕ್ಕೆ ನನ್ ಕೈಲಾಗಲ್ಲ."

"ಅರ್ಧ ಅಲ್ಲಕ್ಕ, ಕೇಳಿಲ್ಲಿ. ಚುಕ್ಕಿ ಹಾಲು ಕುಡಿಸೋವಾಗ ಬೂದಿ ಬಂದು ಆ ಮಗ್ಗುಲಿಗೆ ಮಲಗೋದು. ಮರಿಗಳು ನಡೂವೆ. ಈ ಕಿವೀಲಿ ಇದರ ಸದ್ದು, ಆ ಕಿವೀಲಿ ಅದರ ಸದ್ದು. ಕಣ್ಣು ಬಿಡೋಕೆ ಮೊದ್ಲೇ ಎರಡನ್ನೂ ಕೇಳ್ಕೊಂಡು ಬೆಳೆದವೆ. ನನ್ನ ಮಾತು ನಂಬಬೇಡ. ನೀನೇ ಕಿವಿ ಇಟ್ಟು ನೋಡು."

ಹೊಂಬಾಳವ್ವ ಮನಸ್ಸಿಲ್ಲದ ಮನಸ್ಸಿನಿಂದ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಗ್ಗಿ ಕಿವಿಯಿಟ್ಟಳು. ಮರಿ ಉಸಿರೆಳೆದುಕೊಂಡಿತು, ಗುರ್ರ್ ಅಂದಿತು. ಅವಳು ತನ್ನ ಉಸಿರನ್ನು ಹಿಡಿದುಕೊಂಡಳು. ಬೂದಿ ಸುಮ್ಮನಾಗಿ ಕಿವಿ ತಿರುಗಿಸಿ ಕಾಯುತ್ತಿದ್ದುದು ಅವಳಿಗೆ ಮರೆತಿರಲಿಲ್ಲ. ಈಗ ನಿಲ್ಲುತ್ತದೆ, ಈಗ ಸುಮ್ಮನಾಗುತ್ತದೆ ಎಂದು ಕಾದಳು.

ನಿಲ್ಲಲಿಲ್ಲ. ಮರಿ ಉಸಿರು ಬಿಟ್ಟಿತು, ಬಿಡುವಾಗಲೂ ಗುರ್ರ್ ಅಂದಿತು. ಎಳೆದರೂ ಗುರ್ರ್, ಬಿಟ್ಟರೂ ಗುರ್ರ್. ಅದು ಯಾರಿಗೂ ಕಾಯುತ್ತಿರಲಿಲ್ಲ. ಅವಳ ಸೀರೆಯ ನೆರಿಗೆಗೆ ಉಗುರು ಹಾಕಿ ಹದ ಮಾಡಿಕೊಂಡು, ಅಲ್ಲೇ ಮುದುರಿ ನಿದ್ದೆ ಹೋಯಿತು.

"ಸೀರೆ ಹರೀತಲ್ಲ, ಹಾಳಾದದ್ದು," ಅಂದಳು ಹೊಂಬಾಳವ್ವ. ಕಣ್ಣಲ್ಲಿ ನೀರಿತ್ತು. ಸಂಜೆಯಾದರೂ ಅವಳು ಮರಿಯನ್ನು ತೊಡೆಯಿಂದ ಇಳಿಸಲಿಲ್ಲ.

ಆ ಮರಿಯ ಮರಿಗಳು, ಅವುಗಳ ಮರಿಗಳು ಊರೂರಿಗೆ ಹೋದವು. ಕೆಲವು ಜೋಡಿಯಾಗಿ ಹೋದವು, ಕೆಲವು ಒಂಟಿಯಾಗಿ ಹೋದವು. ಒಂದೂ ಅರ್ಧವಾಗಿ ಹೋಗಲಿಲ್ಲ.

ಅದಕ್ಕೇ ಮಗು, ನಿನ್ನ ತೊಡೆಯ ಮೇಲೆ ಬೆಕ್ಕು ಬಂದು ಮಲಗಿದಾಗ ಮೆತ್ತಗೆ ಕಿವಿಯಿಟ್ಟು ಕೇಳು: ಉಸಿರು ಎಳೆದುಕೊಳ್ಳುವಾಗ ಗುರುಗುಟ್ಟುವುದು ಬೂದಿ, ಬಿಡುವಾಗ ಗುರುಗುಟ್ಟುವುದು ಚುಕ್ಕಿ.