ದಾರ ಹಿಡಿಯದ ಗೋಡೆ

ಇದು ನಡೆದದ್ದು ಜ್ಯೇಷ್ಠ ಮಾಸದಲ್ಲಿ, ನದಿಗೆ ಹೊಸ ನೀರು ಬರುವ ಮುಂಚೆ.

ಆಶ್ರಮದಲ್ಲಿ ತಾಳೆಗರಿಗಳನ್ನು ಇಡಲು ಹೊಸ ಕೋಣೆ ಎದ್ದಿತ್ತು. ಹಳೆಯ ಕೋಣೆಯಲ್ಲಿ ಅರ್ಧದಷ್ಟು ಗರಿಗಳನ್ನು ಗೆದ್ದಲು ತಿಂದುಹಾಕಿತ್ತು. ಆ ಆಶ್ರಮದ ಪದ್ಧತಿಯಂತೆ ನಾಲ್ವರು ಶಿಷ್ಯರು ಒಬ್ಬೊಬ್ಬರು ಒಂದೊಂದು ಗೋಡೆ ಕಟ್ಟಿದ್ದರು. ಕಲ್ಲು, ಮಣ್ಣಿನ ಗೋಡೆ. ಒಳಗೆಲ್ಲ ಸುಣ್ಣದ ಗಾರೆ ಬಳಿದರಷ್ಟೇ ಗರಿಗಳು ಉಳಿಯುವುದು.

ಸುಣ್ಣ ಆಚೆ ದಡದಿಂದ ಬರಬೇಕು. ಹೊಸ ನೀರು ಬಂತೆಂದರೆ ದೋಣಿ ನಿಲ್ಲುತ್ತದೆ.

“ಎಷ್ಟು ಬುಟ್ಟಿ ಸುಣ್ಣ ಬೇಕು, ನೋಡಿ ಹೇಳು,” ಎಂದು ಗುರುಗಳು ಆ ನಾಲ್ವರಲ್ಲಿ ಒಬ್ಬನಾದ ಅನಿಮಿಷನಿಗೆ ಹೇಳಿದರು. ಲೆಕ್ಕವೆಂದರೆ ಅವನಿಗೆ ಊಟ ಮರೆಯುವಷ್ಟು ಪ್ರೀತಿ.

ಅನಿಮಿಷ ಉದ್ದ ಅಳೆದ, ಎತ್ತರ ಅಳೆದ. ಬಾಗಿಲು, ಕಿಟಕಿ ಕಳೆದ. ಗಾರೆ ಒಂದು ಬೆರಳು ದಪ್ಪ ಎಂದು ಹಿಡಿದ.

“ಇಪ್ಪತ್ತನಾಲ್ಕು ಬುಟ್ಟಿ, ಗುರುಗಳೇ.”

“ಯಾವ ಗೋಡೆಗಳಿಗೆ?”

“ಹೊಸ ಕೋಣೆಯವಕ್ಕೆ. ಇನ್ಯಾವುದಕ್ಕೆ?”

ಗುರುಗಳು ದಾರದ ಉಂಡೆಯೊಂದನ್ನು ಅವನ ಕೈಗಿಟ್ಟರು.

ಅನಿಮಿಷ ದಾರವನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಮೂಡಣ ಗೋಡೆ ಕಟ್ಟಿದ್ದ ನೀಲಕಂಠನನ್ನು ಕರೆದು ಒಂದು ತುದಿ ಹಿಡಿಸಿದ. ಮೂಲೆಯಿಂದ ಮೂಲೆಗೆ ಬಿಗಿದು ನೋಡಿದರೆ, ನಡುವೆ ದಾರದ ಹಿಂದೆ ಎರಡು ಬೆರಳು ತೂರಿದವು.

“ಅಯ್ಯೋ! ಈ ತಗ್ಗು ತುಂಬಿದ ಮೇಲಲ್ಲವೇ ಗಾರೆ ಮಟ್ಟಸವಾಗುವುದು!”

ಅವನಿಗೆ ಹುರುಪು ಬಂತು. ತಲೆಯ ಮಟ್ಟ, ಸೊಂಟದ ಮಟ್ಟ, ಮಂಡಿಯ ಮಟ್ಟ, ಎಲ್ಲ ಕಡೆ ದಾರ ಹಿಡಿದ. ತೆಂಕಣ ಗೋಡೆ, ಪಡುವಣ ಗೋಡೆ ಮುಗಿದವು. ಒಂದೊಂದರ ತಗ್ಗು ಒಂದೊಂದು ಥರ.

“ನೀಲಕಂಠಣ್ಣ, ನೀನು ಗೋಡೆ ಕಟ್ಟಿದೆಯೋ, ತೊಟ್ಟಿಲು ಕಟ್ಟಿದೆಯೋ?”

“ನಗಪ್ಪ, ನಗು. ಬಡಗಣದ್ದು ನಿನ್ನ ಗೋಡೆ. ಅದಕ್ಕೂ ಹಿಡಿಯೋಣವೇ?”

“ನಾನು ತೂಗುಗುಂಡು ಬಿಟ್ಟು ಕಟ್ಟಿದವನು,” ಎಂದು ಅನಿಮಿಷ ದಾರ ಸುತ್ತತೊಡಗಿದ.

ಬಾಗಿಲಲ್ಲಿ ನಿಂತಿದ್ದ ಗುರುಗಳು ಕೇಳಿದರು. “ಮುಗಿಯಿತೇ?”

“ಮುಗಿಯಿತು. ಮೂವತ್ತಮೂರು ಬುಟ್ಟಿ.”

“ಹೂಂ,” ಎಂದು ಗುರುಗಳು ದೋಣಿಯವನಿಗೆ ಹೇಳಲು ತಾವೇ ದಡಕ್ಕೆ ಹೋದರು.

ಸುಣ್ಣ ಬಂತು. ಅರಳಿಸಿದರು, ಮರಳು ಕೂಡಿಸಿ ಅರೆದರು, ಬಳಿದರು. ಮೂರು ಗೋಡೆಗಳಿಗೆ ಅನಿಮಿಷ ಹೇಳಿದಷ್ಟೇ ಹಿಡಿಯಿತು. ಅವನು ಪ್ರತಿ ಬುಟ್ಟಿ ಖಾಲಿಯಾದಾಗಲೂ ತಲೆಯಾಡಿಸಿದ.

ಬಡಗಣ ಗೋಡೆ ಅರ್ಧಕ್ಕೆ ನಿಂತಿತು. ಸುಣ್ಣ ಮುಗಿದಿತ್ತು.

ಹೊರಗೆ ನದಿ ಕೆಂಪಾಗಿ ಹರಿಯುತ್ತಿತ್ತು. ದೋಣಿಯನ್ನು ದಡಕ್ಕೆಳೆದು ಕವುಚಿ ಹಾಕಿದ್ದರು.

ಅನಿಮಿಷ ದಾರ ತಂದ. ನೀಲಕಂಠ ಇನ್ನೊಂದು ತುದಿ ಹಿಡಿದ.

ನಡುವೆ ಮೂರು ಬೆರಳು ತೂರಿದವು.

“ಮೂಲೆಗಳಲ್ಲಿ ಮಾತ್ರ ಗುಂಡು ಬಿಟ್ಟಿದ್ದೆ, ಗುರುಗಳೇ,” ಎಂದ ಅನಿಮಿಷ, ಬಾಗಿಲಿಗೆ ಬಂದಿದ್ದ ಗುರುಗಳತ್ತ ತಿರುಗಿ. “ನಡುವಿನದನ್ನು ಕಣ್ಣಳತೆಯಲ್ಲೇ ಕಟ್ಟಿದೆ. ಮೂರು ಗೋಡೆ ಉಳಿದು ಏನು ಪ್ರಯೋಜನ? ಗೆದ್ದಲಿಗೆ ಒಂದು ಗೋಡೆ ಸಾಕು.”

“ಇನ್ನೆಷ್ಟು ಬೇಕು?”

ಅವನು ಮತ್ತೆ ದಾರ ಹಿಡಿದು, ಬೆರಳಿಟ್ಟು, ಎಲ್ಲ ಮಟ್ಟದಲ್ಲೂ ನೋಡಿ ಹೇಳಿದ. “ಐದು.”

“ಬಾ.”

ಕೊಟ್ಟಿಗೆಯ ಹಿಂದೆ ತೆಂಗಿನ ಗರಿ ಮುಚ್ಚಿದ್ದ ಒಂದು ಗುಂಡಿ. ಗುರುಗಳು ಗರಿ ಸರಿಸಿದರು. ನೀರಿನಡಿ ಸುಣ್ಣ ಬೆಣ್ಣೆಯಂತೆ ಮಲಗಿತ್ತು.

ಅನಿಮಿಷ ಗುಂಡಿಯನ್ನೂ ಗುರುಗಳನ್ನೂ ನೋಡಿದ.

“ಇದನ್ನೂ ಅದೇ ದೋಣಿಯಲ್ಲಿ ತರಿಸಿದಿರಾ? ನನ್ನ ಗೋಡೆಗೆ ಸಾಲದೆಂದು ದೋಣಿ ಹೋಗುವ ಮುಂಚೆಯೇ ನಿಮಗೆ ಹೇಗೆ ಗೊತ್ತಾಯಿತು?”

ಗುರುಗಳು ಬುಟ್ಟಿಗೆ ಸುಣ್ಣ ತೋಡುತ್ತಲೇ ಹೇಳಿದರು.

“ನನ್ನ ಕುಟೀರದ ಪಡುವಣ ಗೋಡೆ ಕಟ್ಟಿದವನು ನಾನು. ಅದರ ಸುಣ್ಣದ ಲೆಕ್ಕ ಹಾಕಿದವನೂ ನಾನೇ. ನಾಲ್ಕು ಬುಟ್ಟಿ ಅಂದಿದ್ದೆ. ಹಿಡಿದದ್ದು ಒಂಬತ್ತು.”