ಮಣ್ಣು ಹೊರುವ ಊರು

ಶಿಷ್ಯ ಮುರಿಗಯ್ಯ ಕೇಳಿದ: "ಗುರುಗಳೇ, ಜಾರುವುದೇ ಮನಸ್ಸಿನ ಗುಣವಾದರೆ ಅದನ್ನು ದಿನವೂ ಎತ್ತಿ ತರುವುದೇಕೆ? ನಾನು ಬಂದು ಏಳು ವರ್ಷವಾಯಿತು. ದಿನವೂ ಬೆಳಿಗ್ಗೆ ಧ್ಯಾನಕ್ಕೆ ಕೂತು, ಓಡಿಹೋದ ಮನಸ್ಸನ್ನು ಹಿಡಿದು ತಂದು ಕೂರಿಸುತ್ತೇನೆ. ಇನ್ನು ಯಾವಾಗ ಜಾರುತ್ತದೋ ಎಂದು ಕಾಯುತ್ತಾ ಕೂತಿರುತ್ತೇನೆ. ಅದು ಜಾರಿಯೇ ಜಾರುತ್ತದೆ. ನನಗೆ ಸಾಕಾಗಿದೆ. ಅಪ್ಪಣೆಯಾದರೆ ಊರಿಗೆ ಹೊರಡುತ್ತೇನೆ."

ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು. ಗುರುಗಳು ಅದನ್ನೊಮ್ಮೆ ನೋಡಿದರು.

"ಹೋಗುವೆಯಂತೆ. ಗಂಟು ಕಟ್ಟಿದ್ದಾಯಿತಲ್ಲ, ಇನ್ನೇನು ಅವಸರ? ಒಂದು ಊರಿನ ಕತೆ ಕೇಳಿಕೊಂಡು ಹೋಗು" ಎಂದು ಶುರುಮಾಡಿದರು.

ಒಂದು ಸೀಮೆ. ಸೀಮೆಯೆಲ್ಲ ದ್ವೀಪಗಳು, ದ್ವೀಪಗಳೆಲ್ಲ ಬೆಟ್ಟಗಳು. ಎಲ್ಲಕ್ಕಿಂತ ಕಡೆಯ ದ್ವೀಪದಲ್ಲಿ, ಬೆಟ್ಟದ ನೆತ್ತಿಯ ಹತ್ತಿರ ಒಂದು ಊರಿತ್ತು. ದೋಣಿ ಇಳಿದ ಮೇಲೆ ಅರ್ಧ ದಿನ ಹತ್ತಬೇಕು. ನಡುವೆ ಕೂರಲು ಒಂದು ಕಟ್ಟೆಯೂ ಇಲ್ಲ.

ಆ ಸೀಮೆಯ ರಾಜ ಒಳ್ಳೆಯವನು. ಒಳ್ಳೆಯವರಿಗೆ ಒಂದು ಚಟವಿರುತ್ತದೆ, ಇನ್ನೊಬ್ಬರ ಕಷ್ಟವನ್ನು ಅವರನ್ನು ಕೇಳದೆಯೇ ತೀರಿಸಿಬಿಡುವುದು. ಅವನು ತನ್ನ ಕರಣಿಕನನ್ನು ಕರೆದು ಹೇಳಿದ: "ಆ ಊರಿನ ವಿವರ ಬರೆದು ತಾ. ಮನೆ ಎಷ್ಟು, ನೀರು ಎಲ್ಲಿ, ಬೆಳೆ ಏನು, ಕಷ್ಟವೇನು, ಸುಖವೇನು, ಎಲ್ಲ ಇರಲಿ. ಬಾಳುವುದು ಕಷ್ಟವೆಂದು ನೀನು ಬರೆದರೆ ಊರನ್ನೇ ಎಬ್ಬಿಸಿ, ಇಲ್ಲಿ ಅರಮನೆಯ ಹತ್ತಿರ ಸಮತಟ್ಟಾದ ನೆಲ ಕೊಡುತ್ತೇನೆ."

ಕರಣಿಕ ಹೊರಟ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಅವನ ಮನಸ್ಸಿನಲ್ಲಿ ವಿವರವೆಲ್ಲ ಬರೆದು ಮುಗಿದಿತ್ತು. ಇಂಥ ಕಡೆ ಮನುಷ್ಯರು ಇರಬಾರದು ಎಂದು ಅವನ ಮೊಣಕಾಲುಗಳು ಹೇಳುತ್ತಿದ್ದವು, ಅವನು ಒಪ್ಪುತ್ತಿದ್ದ.

ಊರು ಸೇರಿ ನೋಡುತ್ತಾನೆ, ನಲವತ್ತು ಮನೆಗಳಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಬೆಟ್ಟದ ಆಚೆ ಮಗ್ಗುಲಿನ ಹೊಲಗಳಲ್ಲಿದ್ದರು. ಅವನೂ ಅಲ್ಲಿಗೆ ಇಳಿದ. ಹೊಲಗಳೆಂದರೆ ಬೆಟ್ಟದ ಮೈಗೆ ಕಡಿದ ಮೆಟ್ಟಿಲುಗಳು, ಒಂದರ ಕೆಳಗೆ ಒಂದು. ಕಡೆಯ ಮೆಟ್ಟಿಲಿಗೆ ಎದೆಯೆತ್ತರದ ಕಲ್ಲಿನ ಒಡ್ಡು. ಮಳೆಗಾಲದಲ್ಲಿ ಮೇಲಿನ ಹೊಲಗಳ ಮಣ್ಣೆಲ್ಲ ಕೊಚ್ಚಿಕೊಂಡು ಬಂದು ಆ ಒಡ್ಡಿಗೆ ತಡೆದು ನಿಲ್ಲುತ್ತಿತ್ತು. ಮಳೆ ನಿಂತ ಮೊದಲ ಬಿಸಿಲಿಗೆ ಊರಿಗೆ ಊರೇ ಇಳಿದು, ಆ ಮಣ್ಣನ್ನು ಮಂಕರಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಮತ್ತೆ ಮೇಲಕ್ಕೆ ಏರಿಸುತ್ತಿತ್ತು. ಮೊದಲು ತುದಿಯ ಹೊಲ, ಆಮೇಲೆ ಅದರ ಕೆಳಗಿನದು. ಯಾರೂ ತಮ್ಮ ಹೊಲಕ್ಕೆ ತಾವು ಹೊರುವಂತಿಲ್ಲ, ಅದು ಕಟ್ಟಳೆ. ಕರಣಿಕ ಬಂದದ್ದು ಅಂಥ ದಿನ.

ಅವನು ಏಕೆ ಬಂದಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ದೋಣಿಯವನು ಮೊದಲೇ ಸುದ್ದಿ ಮುಟ್ಟಿಸಿದ್ದ. ಆದರೂ ಯಾರೂ ಕೈಮುಗಿದು ಬೇಡಲಿಲ್ಲ, ಕಣ್ಣೀರು ಹಾಕಲಿಲ್ಲ. ಅವರಿಗೆ ಪುರುಸೊತ್ತಿರಲಿಲ್ಲ. ಕಡೆಯ ಹೊಲದ ಒಡತಿ ಒಬ್ಬ ಅಜ್ಜಿ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಬಟ್ಟೆಯ ಸಿಂಬಿ ಸುತ್ತಿ ಅವನ ತಲೆಯ ಮೇಲಿಟ್ಟು, ಅದರ ಮೇಲೆ ಒಂದು ಮಂಕರಿ ಮಣ್ಣು ಇಟ್ಟೇಬಿಟ್ಟಳು.

"ಬರೆಯುವುದು ಆಮೇಲೆ ಇದ್ದೇ ಇದೆಯಪ್ಪಾ. ಬಿಸಿಲು ಇಳಿಯುವುದರೊಳಗೆ ಇದನ್ನು ತುದಿಗೆ ಮುಟ್ಟಿಸಿ ಬಾ."

ಅರಮನೆಯಲ್ಲಿ ಯಾರೂ ಅವನಿಗೆ ಹೀಗೆ ಹೇಳಿದವರಿಲ್ಲ. ಹೇಗೆ ಇಲ್ಲವೆನ್ನಬೇಕೆಂದು ತೋಚದೆ ನಡೆದ. ಹಿಂದೆ ಮುಂದೆ ಜನ, ಹಾಡು, ಕುಚೋದ್ಯ. ನಡು ಬೆಟ್ಟಕ್ಕೆ ಬರುವಷ್ಟರಲ್ಲಿ ಏದುಸಿರು ಬಂತು. ಮಣ್ಣು ಎಲ್ಲಿ ಬಿದ್ದರೂ ಮಣ್ಣೇ ಎಂದುಕೊಂಡು ಪಕ್ಕದ ಹೊಲದಲ್ಲಿ ಸುರಿದುಬಿಟ್ಟ.

ಹಾಡು ನಿಂತಿತು. ಸಾಲು ನಿಂತಿತು. ಆ ಹೊಲದ ರೈತ ಓಡಿಬಂದು ಕೆಳಗೆ ಕೂತು, ಅಷ್ಟೂ ಮಣ್ಣನ್ನು ಎರಡು ಕೈಯಲ್ಲಿ ಬಳಿದು ಮತ್ತೆ ಮಂಕರಿಗೆ ತುಂಬಿದ. "ಸ್ವಾಮಿ, ನನಗೇಕೆ ಈಗಲೇ? ನೀವು ತುದಿಯಲ್ಲಿ ಹಾಕಿ ಬನ್ನಿ. ಬರುವ ಮಳೆಗಾಲಕ್ಕೆ ಅದು ದಾರಿ ಕೇಳಿಕೊಂಡು ತಾನೇ ನನ್ನ ಹೊಲಕ್ಕೆ ಬರುತ್ತದೆ!" ಎಂದ.

ಬೆಟ್ಟಕ್ಕೆ ಬೆಟ್ಟವೇ ನಕ್ಕಿತು. ಕರಣಿಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ, ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ತುದಿ ಮುಟ್ಟಿದ. ತುದಿಯ ಹೊಲದಲ್ಲಿ ಬೆಳಿಗ್ಗೆ ಬರೀ ಬಂಡೆ ಇತ್ತಂತೆ. ಅವನು ನೋಡುವಾಗ ಮೊಣಕಾಲುದ್ದ ಮಣ್ಣು ಬಿದ್ದಿತ್ತು. ಒಂದು ಕಡೆ ಮಣ್ಣು ಸುರಿಯುತ್ತಿರುವಾಗಲೇ ಇನ್ನೊಂದು ಕಡೆ ಅದರ ರೈತ, ಸುರಿದವರ ಬೆನ್ನು ತಿರುಗುವ ಮೊದಲೇ, ಸಾಮೆ ಬಿತ್ತುತ್ತಿದ್ದ.

ಕರಣಿಕ ಎಷ್ಟು ಸಲ ಹತ್ತಿ ಇಳಿದನೋ ಅವನಿಗೇ ನೆನಪಿಲ್ಲ. ಸಂಜೆಗೆ ಅಜ್ಜಿಯ ಒಡ್ಡಿನ ಮೇಲೆ ಕೂತ. ಸುಟ್ಟ ಗೆಣಸು, ಬೆಲ್ಲ ಕೊಟ್ಟರು. ತನ್ನ ಜನ್ಮದಲ್ಲಿ ಅಂಥ ರುಚಿ ಕಂಡಿರಲಿಲ್ಲ. ಅವನು ಬಹಳ ಸಂತೋಷದಲ್ಲಿದ್ದ. ಆದರೆ ಬಂದ ಕೆಲಸ ನೆನಪಾಯಿತು. ಇವರ ಊರು ಇರುವುದೂ ಏಳುವುದೂ ತನ್ನ ಕೈಯಲ್ಲಿರುವ ಕಾಗದದಲ್ಲಿ ಎಂಬುದು ನೆನಪಾಗಿ ಕಸಿವಿಸಿಯಾಯಿತು. ಸುಳ್ಳು ಬರೆಯುವಂತಿಲ್ಲ.

ಅವನು ಕೇಳಿದ: "ಅಜ್ಜೀ, ಬರುವ ಮಳೆಗೆ ಈ ಮಣ್ಣು ಮತ್ತೆ ಜಾರುವುದಿಲ್ಲವೇ?"

"ಜಾರದೆ ಇರುತ್ತದೆಯೇ? ಒಂದು ಹಿಡಿಯೂ ಉಳಿಯದ ಹಾಗೆ ಜಾರುತ್ತದೆ."

"ಮತ್ತೆ ಹೊರಬೇಕು."

"ಹೊರಬೇಕು."

"ಹಾಗಾದರೆ ಇಷ್ಟೆಲ್ಲ ಹೊತ್ತು ಏನು ಬಂತು?"

ಅಜ್ಜಿ ಗೆಣಸಿನ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಓದಿದವನು ಇಷ್ಟೂ ತಿಳಿಯದವನೇ ಎಂದು ಅವಳಿಗೆ ನಿಜವಾಗಿ ಕನಿಕರವಾಯಿತು.

"ನಡುವೆ ಒಂದು ಬೆಳೆ ಬರುತ್ತದಲ್ಲಪ್ಪಾ!"

ಕರಣಿಕ ಅಲ್ಲಿಯೇ ಕೂತು ಕಾಗದ ಬಿಡಿಸಿದ. ಮನೆ ನಲವತ್ತು ಎಂದು ಬರೆದ. ನೀರು ಬೆಟ್ಟದ ಬೆನ್ನಿನ ಒರತೆಯದು, ಬೆಳೆ ಸಾಮೆ ಮತ್ತು ಗೆಣಸು ಎಂದು ಬರೆದ. ಕಷ್ಟವೇನು ಎಂಬಲ್ಲಿ, ವರ್ಷಕ್ಕೊಮ್ಮೆ ಮಣ್ಣು ಹೊರುತ್ತಾರೆ ಎಂದು ಬರೆದ. ಸುಖವೇನು ಎಂಬಲ್ಲಿ ಲೇಖನಿ ಬಹಳ ಹೊತ್ತು ತಡೆಯಿತು. ಕಡೆಗೆ ಅಲ್ಲಿಯೂ ಅದನ್ನೇ ಬರೆದ.

ರಾಜ ಓದಿದ, ಮತ್ತೊಮ್ಮೆ ಓದಿದ. "ಕೆಳಗೆ ಬಂದರೆ ಸಮತಟ್ಟಾದ ನೆಲ ಕೊಡುತ್ತೇನೆಂದು ಅವರಿಗೆ ಹೇಳಿದೆಯಾ? ಏನಂದರು?"

ಕರಣಿಕ ತಲೆ ತಗ್ಗಿಸಿದ. "ಕೇಳಲು ಮರೆತೆ ಪ್ರಭು. ತಲೆಯ ಮೇಲೆ ಮಂಕರಿ ಇತ್ತು."

ರಾಜನಿಗೆ ನಗು ಬಂತು. ಮರೆಯುವವನಲ್ಲದ ಕರಣಿಕ ಮರೆತನೆಂದರೆ ಆ ಊರಿನಲ್ಲಿ ಏನೋ ಇದೆ ಎಂದುಕೊಂಡು, ಊರನ್ನು ಇದ್ದಲ್ಲಿಯೇ ಬಿಟ್ಟ. ಮುಂದಿನ ವರ್ಷ ಮಳೆ ನಿಂತ ಕೂಡಲೇ ಕರಣಿಕ ನಾಲ್ಕು ದಿನ ರಜೆ ಕೇಳಿದನಂತೆ. ಎಲ್ಲಿಗೆಂದು ರಾಜ ಕೇಳಲಿಲ್ಲ. ಒಂದು ಹೊಸ ಮಂಕರಿ ಕೊಡಿಸಿ ಕಳಿಸಿದನಂತೆ.

ಕತೆ ಮುಗಿಯಿತು. ಮುರಿಗಯ್ಯನ ಮುಖ ಸ್ವಲ್ಪ ತಿಳಿಯಾಗಿತ್ತು. ಅವನು ಯೋಚಿಸಿ ಹೇಳಿದ: "ತಿಳಿಯಿತು ಗುರುಗಳೇ. ಜಾರಿದಷ್ಟು ಸಲವೂ ಎತ್ತಿ ತರಬೇಕು. ನಾನು ಏಳು ವರ್ಷ ಮಾಡಿದ್ದೂ ಅದೇ ಅಲ್ಲವೇ? ಒಂದು ದಿನವೂ ತಪ್ಪಿಸದೆ ಎತ್ತಿ ತಂದಿದ್ದೇನೆ. ಆದರೂ ನನಗೇಕೆ ಆ ಸಂತೋಷವಿಲ್ಲ?"

ಗುರುಗಳು ಎದ್ದು ಹೋಗಿ ಬಾಗಿಲ ಬಳಿಯ ಗಂಟನ್ನು ತಂದು ಅವನ ಮುಂದಿಟ್ಟರು. ಹೋಗುವುದೂ ಇರುವುದೂ ಅವನಿಗೇ ಬಿಟ್ಟದ್ದು ಎಂಬಂತೆ ಇಟ್ಟರು.

"ಎತ್ತಿ ತಂದ ಮೇಲೆ ಕಾಯುತ್ತಾ ಕೂತೆ ಎಂದೆಯಲ್ಲ ಮುರಿಗಯ್ಯಾ, ಬಿತ್ತಿದ್ದು ಯಾವಾಗ?"