ಮದುವೆಗೆ ಮುಂಚೆ ತೊಟ್ಟಿಲು

ಸ್ವಲ್ಪ ಈಚೆ ಬನ್ನಿ, ದನಿ ಎತ್ತಿ ಹೇಳುವ ಮಾತಲ್ಲ ಇದು. ನಿಮ್ಮ ಹೊಟ್ಟೆಯಲ್ಲೇ ಇರಲಿ. ಎಲ್ಲಾದರೂ ನನ್ನ ಹೆಸರು ಬಂತೋ, ನಾನು ಹೇಳಿಯೇ ಇಲ್ಲ ಅಂದುಬಿಡ್ತೀನಿ.

ಹೊಳೆದಂಡೆಯ ಆಶ್ರಮದಲ್ಲಿ ಸುಭದ್ರಮ್ಮ ಅಂತ ಒಬ್ಬ ಗುರುಗಳು. ಹೆಣ್ಣುಮಕ್ಕಳಿಗೆ ಪುರಾಣ ಓದಲು ಕಲಿಸುತ್ತಿದ್ದರು.

ಅವರ ಶಿಷ್ಯೆ ಚಂದ್ರಾವತಿ. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿ, ಅತ್ತಿಗೆ ಬಡಿಸಿದ ತಂಗಳಿನ ಜೊತೆ ಅವಳ ಮಾತನ್ನೂ ಉಂಡು, ಸಾಕಾಗಿ ಬಂದವಳು.

ಶ್ರಾವಣದ ಸಭೆಯಲ್ಲಿ ಹಿರಿಯರ ಮುಂದೆ ಒಂದು ಕಥೆ ತಪ್ಪಿಲ್ಲದೆ ಒಪ್ಪಿಸಿದರೆ ಪುರಾಣ ಓದಿಕೊಂಡು ಆಶ್ರಮದಲ್ಲೇ ಇರಬಹುದು. ಇಲ್ಲವಾದರೆ ಮತ್ತೆ ಅತ್ತಿಗೆಯ ಹೊಸ್ತಿಲು.

ಓದಿದಳಪ್ಪ, ಓದಿದಳು! ಓಲೆಗರಿಯ ಕಟ್ಟು ಎತ್ತಿಕೊಂಡು ಅಟ್ಟ ಹತ್ತಿದಳು. ಹತ್ತಿದವಳು ಸುಮ್ಮನಿರಬಾರದೇ? ಯಾರೂ ಬರದಿರಲಿ ಅಂತ ಏಣಿಯನ್ನೂ ಮೇಲೆಳೆದುಕೊಂಡಳು. ಕಿವಿಗೆ ಹತ್ತಿ ಬೇರೆ!

ಸ್ನಾನಕ್ಕೆ, ಊಟಕ್ಕೆ ಇಳಿದರೂ ಅಷ್ಟೇ. "ಮಾತಾಡಿಸಬೇಡಿ, ಬಾಯಿಪಾಠ ಆದದ್ದು ಮರೆತುಹೋಗುತ್ತೆ" ಅಂತ ಕೈ ಅಡ್ಡ ಹಿಡಿದು ಓಟ. ಎದುರಾದವರು ಗುರುಗಳಾದರೂ ಸರಿಯೇ!

ಒಂದು ದಿನ ಕಟ್ಟಿನ ದಾರ ಹರಿಯಿತು. ಗರಿಗಳು ಅಟ್ಟದ ತುಂಬ ಚೆಲ್ಲಿದವು. ಯಾವುದರ ಹಿಂದೆ ಯಾವುದು ಅಂತ ಹೇಳುವ ಅಂಚಿನ ಅಂಕಿಗಳನ್ನು ಇಲಿ ಎಂದೋ ತಿಂದಿತ್ತು.

ಕೆಳಗೆ ಜೊತೆಯ ಶಿಷ್ಯೆ ಮಂದಾಕಿನಿ ಅಕ್ಕಿ ಆರಿಸುತ್ತಿದ್ದಳು. ಸದ್ದಿಗೆ ತಲೆಯೆತ್ತಿ ಕೂಗಿದಳು, ಗಂಟಲು ಹರಿಯುವಂತೆ.

"ಅಕ್ಕಾ, ಏಣಿ ಬಿಡು! ಸೇರಿ ಜೋಡಿಸೋಣ. ಗುರುಗಳನ್ನೂ ಕರೀತೀನಿ."

ಚಂದ್ರಾವತಿ ಒಂದು ಕಿವಿಯ ಹತ್ತಿ ಕಿತ್ತಳು.

"ಕರೆದುಬಿಡು! ಚಂದ್ರಿಗೆ ದಾರ ಪೋಣಿಸೋಕೂ ಬರಲ್ಲ ಅಂತ ಊರಿಗೆಲ್ಲ ಸಾರಿಬಿಡು! ನೀನು ನಿನ್ನ ಅಕ್ಕಿ ನೋಡ್ಕೊ."

ಹತ್ತಿ ಮತ್ತೆ ಕಿವಿಗೆ ಹೋಯಿತು.

ತಾನೇ ಪೋಣಿಸಿದಳು. ಪೋಣಿಸಿದ್ದನ್ನೇ ಉರು ಹೊಡೆದಳು. ಗಂಟಲು ಕಟ್ಟಿತು, ಕಣ್ಣು ಗುಳಿಬಿತ್ತು. ಅತ್ತಿಗೆಯ ಮುಖ ನೆನೆದು ಮತ್ತಷ್ಟು ಓದಿದಳು. ಅರ್ಥ ನೋಡಲು ಪುರಸತ್ತು ಯಾರಿಗಿತ್ತು?

ಸಭೆಯಲ್ಲಿ ಕಣ್ಣು ಮುಚ್ಚಿ ಗಳಗಳ ಒಪ್ಪಿಸಿದಳು. ಒಂದಕ್ಷರ ತೊಡರಲಿಲ್ಲ. ಆದರೆ ಆದದ್ದೇನು? ರಾಜಕುಮಾರಿ ಗಂಡುಮಗು ಹೆತ್ತಳು, ತೊಟ್ಟಿಲು ಕಟ್ಟಿ ಹೆಸರಿಟ್ಟರು. ಆಮೇಲೆ ಅವಳ ಸ್ವಯಂವರಕ್ಕೆ ಡಂಗುರ ಹೊಡೆದರು!

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಹಿರಿಯರೊಬ್ಬರು ಕೆಮ್ಮಿದರು.

"ಮದುವೆಗೆ ಮುಂಚೆ ತೊಟ್ಟಿಲೇನಮ್ಮಾ? ಯಾವ ಪುರಾಣ ಇದು?"

ಸುಭದ್ರಮ್ಮ ಎದ್ದು ಕೈಮುಗಿದರು. "ನಾಳೆ ಇನ್ನೊಮ್ಮೆ ಓದುತ್ತಾಳೆ. ಅವಕಾಶ ಕೊಡಿ."

ಹಿರಿಯರು ಒಪ್ಪಿದರು.

ಉಪಕಾರ ಸ್ಮರಣೆ ಇರಬೇಕೋ ಬೇಡವೋ? ಅಂಗಳಕ್ಕೆ ಬಂದವಳೇ ಗುರುಗಳ ಮೇಲೇ ಹರಿಹಾಯ್ದಳು, ಎಲ್ಲರೆದುರಿಗೆ!

"ನಾನು ತಪ್ಪು ಓದುತ್ತಿದ್ದದ್ದು ಕೆಳಗೆ ಕೇಳಿಸಲಿಲ್ಲವೇ?"

"ಕೇಳಿಸಿತು."

"ಕೇಳಿಸಿತಂತೆ! ಒಂದು ದಿನ ಬಂದು ತಿದ್ದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಾನು ನಗೆಪಾಟಲಾಗಲಿ ಅಂತ ಕಾದಿದ್ದಿರಾ?"

ಸುಭದ್ರಮ್ಮ ಕೈ ಹಿಡಿಯಲು ಬಂದರೆ ಕೊಸರಿಕೊಂಡಳು.

"ನನಗೆ ಈ ಆಶ್ರಮವೂ ಬೇಡ, ನಿಮ್ಮ ನಾಳೆಯೂ ಬೇಡ. ಅತ್ತಿಗೆಯೇ ವಾಸಿ. ಬೈಯೋದನ್ನ ಮುಖದ ಮುಂದೆ ಬೈತಾಳೆ!"

ಬಟ್ಟೆ ಗಂಟು ಕಟ್ಟಲು ದಡದಡ ಅಟ್ಟ ಹತ್ತಿದಳು. ಎಷ್ಟು ಸಿಟ್ಟಿದ್ದರೇನು, ಕೈಯ ರೂಢಿ ತಪ್ಪುತ್ತದೆಯೇ? ಅವಳ ಹಿಂದೆಯೇ ಏಣಿಯೂ ಸರಸರ ಮೇಲೆ ಹೋಯಿತು.

ಗಂಟು ಕಟ್ಟಿದವಳು ಬಗ್ಗಿ ನೋಡುತ್ತಾಳೆ, ಕೆಳಗೆ ಸುಭದ್ರಮ್ಮ. ಕೈಯಲ್ಲಿ ಹೊಸ ದಾರ.

"ಇಲ್ಲೇಕೆ ಬಂದಿರಿ ಈಗ?" ಅಂದಳು ಚಂದ್ರಾವತಿ.

ಸುಭದ್ರಮ್ಮ ತಲೆಯೆತ್ತಿ ಅವಳ ಮುಖವನ್ನೇ ನೋಡಿದರು.

"ದಿನಾ ಇಲ್ಲೇ ನಿಂತು ಕೂಗಿ ಹೋಗ್ತಿದ್ದೆ ಕಣೇ. ಇವತ್ತೂ ಬಂದಿದ್ದೀನಿ. ಏಣಿ ಮೇಲಿದೆ."